ಬಿಟ್ಟ ದೇವರು, ಒಲಿದ ದೇವರು

ದೇವರನ್ನು ಬಿಡುವುದು ಕಷ್ಟವೋ, ಹಿಡಿಯುವುದು ಕಷ್ಟವೋ?

ಪ್ರಶ್ನೆ ವಿಚಿತ್ರವಾಗಿ ಕಾಣಬಹುದು. ಆದರೆ ನನ್ನಂಥ ಸರ್ಕಾರಿ ಗುಮಾಸ್ತನ ಕಣ್ಣಿಗೆ ಮೊದಲನೆಯದು ಸುಲಭವೆಂದೇ ತೋರುತ್ತದೆ. ಬಿಡುವುದಕ್ಕೆ ಒಂದು ನಮೂನೆ ಇದ್ದರೆ ಸಾಕು. ಹೆಸರು, ವಿಳಾಸ, ಹುಟ್ಟಿದ ತಾರೀಖು, ಕೊನೆಗೊಂದು ರುಜು. ಮೇಲಿನಿಂದ ಮೊಹರು ಬಿತ್ತೆಂದರೆ ಫೈಲು ಮುಗಿಯಿತು.

ಇದು ಬರೀ ಹಾಸ್ಯದ ಮಾತಲ್ಲ. ಯೂರೋಪಿನ ವಾಯವ್ಯಕ್ಕೆ, ಸಮುದ್ರದ ನಡುವೆ, ಐಸ್‌ಲೆಂಡ್ ಎಂಬ ದ್ವೀಪವೊಂದಿದೆ. ಬೆಂಕಿಯುಗುಳುವ ಬೆಟ್ಟಗಳು, ಹಿಮದ ಹಾಸುಗಳು, ಕುರಿಗಳು, ಮೀನು. ಜನಸಂಖ್ಯೆ ನಾಲ್ಕು ಲಕ್ಷದೊಳಗೆ. ಅಲ್ಲಿ ಯಾವ ಪ್ರಜೆ ಯಾವ ಧರ್ಮಸಂಸ್ಥೆಗೆ ಸೇರಿದವನೆಂಬುದು ಸರ್ಕಾರದ ದಫ್ತರಿನಲ್ಲಿ ದಾಖಲಾಗಿರುತ್ತದೆ. ಹದಿನಾರು ತುಂಬಿದ ಒಬ್ಬೊಬ್ಬ ಸದಸ್ಯನ ಲೆಕ್ಕಕ್ಕೂ ಇಷ್ಟು ಹಣವೆಂದು ಸರ್ಕಾರ ಆಯಾ ಸಂಸ್ಥೆಗೆ ತಿಂಗಳು ತಿಂಗಳೂ ಸಲ್ಲಿಸುತ್ತದೆ. ಸಂಸ್ಥೆ ಬದಲಾಯಿಸಬೇಕೆಂದವನು ಒಂದು ಅರ್ಜಿ ಸಲ್ಲಿಸಿದರಾಯಿತು. ಈ ರೀತಿ ಲೂಥರನ ಪಂಥದ ಚರ್ಚಿನ ಪಟ್ಟಿಯಿಂದ ಹೆಸರು ತೆಗೆಸಿ, ಥೋರ್, ಓಡಿನ್, ಫ್ರೇಯಾ ಮೊದಲಾದ ಹಳೆಯ ದೇವತೆಗಳ ಸಂಘದಲ್ಲಿ ಹೆಸರು ಬರೆಸಿಕೊಂಡವರು ಅಲ್ಲಿ ಬಹಳ ಮಂದಿ ಇದ್ದಾರೆ.

ಬಿಡುವ ಕೆಲಸ ಅಲ್ಲಿಗೆ ಮುಗಿಯಿತು. ಹಿಡಿಯುವ ಕೆಲಸಕ್ಕೆ ಮಾತ್ರ ಯಾವ ದೇಶದ ಸರ್ಕಾರವೂ ಈವರೆಗೆ ನಮೂನೆ ಅಚ್ಚು ಹಾಕಿಸಿಲ್ಲ. ಅರ್ಜಿ ಕೊಟ್ಟ ಮಾರನೆಯ ಬೆಳಗ್ಗೆ ಎದ್ದು ಕುಳಿತವನು ಥೋರನೊಡನೆ ಏನು ಮಾತನಾಡಬೇಕು? ಅಜ್ಜಿ ಹೇಳಿಕೊಟ್ಟ ಸ್ತೋತ್ರವಿಲ್ಲ, ತಾಯಿ ತೋರಿಸಿದ ಪೂಜೆಯ ಕ್ರಮವಿಲ್ಲ. ಸಾವಿರ ವರ್ಷ ಯಾರೂ ದೀಪ ಹಚ್ಚದ ಗುಡಿಯ ಮುಂದೆ ನಿಂತಂತೆ. ಈ ಸಲದ ನನ್ನ ಹರಟೆ ಈ ಮಾರನೆಯ ಬೆಳಗಿನ ವಿಷಯ.

ಮೊದಲೇ ಒಂದು ಮಾತು. ಕ್ರೈಸ್ತಮತವನ್ನು ಹಳಿಯುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಈ ಪತ್ರಿಕೆ ಹೋಗುವ ಮನೆಗಳಲ್ಲಿ ಕ್ರೈಸ್ತ ಕನ್ನಡಿಗರ ಮನೆಗಳೂ ಉಂಟು. ಯೇಸುವಿನೊಡನೆ ಅವರಿಗಿರುವ ಸಲಿಗೆ, ನಂಬಿಕೆ ಯಾರ ಭಕ್ತಿಗೂ ಕಡಮೆಯದಲ್ಲ. ಅಲ್ಲಿ ಸಿಕ್ಕದ್ದನ್ನು ಬೇರೆಡೆ ಹುಡುಕಹೊರಟ ಕೆಲವರ ಕಥೆ ಇದು, ಅಷ್ಟೆ.

ಇಂಥವರಿಗೆ ಇಂಗ್ಲೀಷಿನಲ್ಲಿ 'ಪೇಗನ್' ಎಂಬ ಹೆಸರು. ಮೂಲ ಲ್ಯಾಟಿನ್ ಮಾತಿಗೆ ಹಳ್ಳಿಗಾಡಿನವನು ಎಂದು ಅರ್ಥ. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತ ಬೆಳೆದ ಕಾಲದಲ್ಲಿ ಹಳೆಯ ದೇವರನ್ನು ಬಿಡದವರಿಗೆ ಅಂಟಿದ ಹೆಸರು ಇದು. ಪಟ್ಟಣಕ್ಕೆ ಬಂದು ನಾಲ್ಕು ದಿನವಾದವನು ಊರಿನಿಂದ ಬಂದ ನೆಂಟನನ್ನು 'ಹಳ್ಳಿಮುಕ್ಕ' ಎಂದು ನಗುತ್ತಾನಲ್ಲ, ಆ ದನಿ ಈ ಮಾತಿನಲ್ಲಿದೆ. ಈಗಿನವರು ಆ ಹೆಸರನ್ನು ನಾಚಿಕೆಯಿಲ್ಲದೆ, ಸಂತೋಷದಿಂದಲೇ ಇಟ್ಟುಕೊಂಡಿದ್ದಾರೆ.

ಕ್ರೈಸ್ತಮತವನ್ನು ಬಿಟ್ಟು ಹಳೆಯ ದೇವರ ಬಳಿಗೆ ಹೋದವರಲ್ಲಿ ಎಲ್ಲರಿಗಿಂತ ಹೆಸರಾದವನು ರೋಮಿನ ಚಕ್ರವರ್ತಿ ಜೂಲಿಯನ್. ಕ್ರೈಸ್ತಮತಕ್ಕೆ ರಾಜಮನ್ನಣೆ ಕೊಟ್ಟ ಕಾನ್‌ಸ್ಟಂಟೈನನ ತಮ್ಮನ ಮಗ. ಹುಟ್ಟಿದ್ದು 331ರ ಸುಮಾರಿಗೆ. ಅವನು ಆರು ವರ್ಷದ ಮಗುವಾಗಿದ್ದಾಗ, 337ರಲ್ಲಿ, ಸೈನಿಕರು ಅವನ ತಂದೆಯನ್ನೂ ಹಲವು ಮಂದಿ ಬಂಧುಗಳನ್ನೂ ಕೊಂದುಹಾಕಿದರು. ಅದರ ಹೊಣೆ ದೊಡ್ಡಪ್ಪನ ಮಗನಾದ ಚಕ್ರವರ್ತಿ ಕಾನ್‌ಸ್ಟಾಂಷಿಯಸನದೇ ಎಂದು ಜೂಲಿಯನ್ ಮುಂದೆ ಬಹಿರಂಗವಾಗಿ ದೂರಿದ. ಆ ಚಕ್ರವರ್ತಿಯಾದರೋ ಆಚಾರವಂತ ಕ್ರೈಸ್ತ. ಅನಾಥ ಹುಡುಗನನ್ನು ಬಿಷಪರ ಮೇಲ್ವಿಚಾರಣೆಯಲ್ಲಿ ಬೆಳೆಸಿದರು. ಕಪ್ಪದೋಕ್ಯ ಪ್ರಾಂತದ ಒಂಟಿ ಅರಮನೆಯೊಂದರಲ್ಲಿ ಆರು ವರ್ಷ ಕಾವಲಿನಲ್ಲಿಟ್ಟರು. ಚರ್ಚಿನಲ್ಲಿ ನಿಂತು ಸಭೆಗೆ ಬೈಬಲ್ ಓದಿ ಹೇಳುವ ಕೆಲಸವನ್ನೂ ಅವನು ಮಾಡಿದ್ದುಂಟು.

ಬಾಯಿ ಬೈಬಲ್ ಓದುತ್ತಿತ್ತು, ಮನಸ್ಸು ಸೂರ್ಯನ ಕಡೆಗಿತ್ತು. ಚಿಕ್ಕಂದಿನಿಂದಲೂ ಬಿಸಿಲಿನ ಬೆಳಕು ತನ್ನನ್ನು ಸೆಳೆಯುತ್ತಿತ್ತೆಂದೂ, ನಿರ್ಮಲವಾದ ರಾತ್ರಿಯ ಆಕಾಶವನ್ನು ನೋಡುತ್ತ ನಿಂತರೆ ಪಕ್ಕದವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲವೆಂದೂ ಅವನೇ ಮುಂದೆ ಬರೆದುಕೊಂಡಿದ್ದಾನೆ. ಯಾರೂ ಕಲಿಸಿದ್ದಲ್ಲ, ಪುಸ್ತಕದಲ್ಲಿ ಕಂಡದ್ದಲ್ಲ. ತಂದೆಯಿಲ್ಲದ ಹುಡುಗನಿಗೆ ದಿನವೂ ತಪ್ಪದೆ ಬಂದು ಮುಖ ತೋರಿಸುತ್ತಿದ್ದವನು ಸೂರ್ಯನೊಬ್ಬನೇ ಎಂದು ನಾವು ಊಹಿಸಿಕೊಳ್ಳಬಹುದು.

ಇಪ್ಪತ್ತನೆಯ ವಯಸ್ಸಿನಲ್ಲಿ, 351ರ ಸುಮಾರಿಗೆ, ಎಫೆಸದ ಮ್ಯಾಕ್ಸಿಮಸ್ ಎಂಬ ತತ್ವಜ್ಞಾನಿಯ ಬಳಿ ಸೇರಿದ ಮೇಲೆ ಅವನ ಮನಸ್ಸು ಗಟ್ಟಿಯಾಯಿತು. ಹೇಳಿಕೊಳ್ಳುವಂತಿರಲಿಲ್ಲ, ಹೇಳಿದರೆ ತಲೆ ಉಳಿಯುವಂತಿರಲಿಲ್ಲ. ಹತ್ತು ವರ್ಷ ಒಳಗೊಂದು ಹೊರಗೊಂದು ಬಾಳು. 361ರ ಜನವರಿಯಲ್ಲಿ ಕೂಡ ಗಾಲ್ ದೇಶದ ವಿಯೆನ್ ಪಟ್ಟಣದಲ್ಲಿ ಎಪಿಫನಿ ಹಬ್ಬದ ದಿನ ಎಲ್ಲರೊಡನೆ ಚರ್ಚಿಗೆ ಹೋಗಿ ಪ್ರಾರ್ಥನೆ ಮಾಡಿ ಬಂದನೆಂದು ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಬರೆಯುತ್ತಾನೆ. ಅದೇ ವರ್ಷ ನವೆಂಬರಿನಲ್ಲಿ ಕಾನ್‌ಸ್ಟಾಂಷಿಯಸ್ ಸತ್ತ; ಜೂಲಿಯನ್ ಚಕ್ರವರ್ತಿಯಾದ. ಮುಚ್ಚಿಟ್ಟದ್ದೆಲ್ಲ ಬಯಲಿಗೆ ಬಂತು. ಅರಮನೆಯೊಳಗೇ ಸೂರ್ಯನಿಗೊಂದು ಗುಡಿಯಾಯಿತು. ಹುಟ್ಟುವ ಸೂರ್ಯನಿಗೂ ಮುಳುಗುವ ಸೂರ್ಯನಿಗೂ ಪೂಜೆ ಆರಂಭವಾಯಿತು. 362ರ ಚಳಿಗಾಲದಲ್ಲಿ ಸೂರ್ಯದೇವನನ್ನು ಕುರಿತು ಒಂದು ದೀರ್ಘ ಗದ್ಯಸ್ತೋತ್ರವನ್ನು ಮೂರೇ ರಾತ್ರಿಗಳಲ್ಲಿ ಬರೆದು ಮುಗಿಸಿದ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕೈಗೆ ಅಧಿಕಾರ ಬಂದವನಿಗೆ ತಾನು ಕಂಡ ಬೆಳಕನ್ನು ಊರಿಗೆಲ್ಲ ತೋರಿಸುವ ಆತುರ. ತೋರಿಸುವ ಸಾಧನವೋ ನಮ್ಮ ಕಚೇರಿಗಳಿಗೆ ಚಿರಪರಿಚಿತವಾದದ್ದು: ಸುತ್ತೋಲೆ! 362ರಲ್ಲಿ ಪಾಠ ಹೇಳುವವರ ನಡತೆಯ ಬಗ್ಗೆ ಒಂದು ಶಾಸನ ಹೊರಟಿತು. ಅದರ ಹಿಂದೆಯೇ ಅದಕ್ಕೆ ವಿವರಣೆಯೂ ಬಂತು. ಹೋಮರನ ದೇವತೆಗಳನ್ನು ನಂಬದವರು ಹೋಮರನ ಕಾವ್ಯವನ್ನು ಪಾಠ ಹೇಳತಕ್ಕದ್ದಲ್ಲ. ಬೇಕಾದರೆ ತಮ್ಮ ಚರ್ಚುಗಳಲ್ಲಿ ಮತ್ತಾಯ, ಲೂಕರನ್ನು ವಿವರಿಸಿಕೊಂಡಿರಲಿ ಎಂಬುದು ಅದರ ಸಾರಾಂಶ. ಎಷ್ಟೋ ಮಂದಿ ಕ್ರೈಸ್ತ ಉಪಾಧ್ಯಾಯರ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಅಮ್ಮಿಯಾನಸ್ ಕ್ರೈಸ್ತನಲ್ಲ, ಜೂಲಿಯನ್ನನ ಅಭಿಮಾನಿ. ಅವನೇ ಇದನ್ನು ಕ್ರೂರವೆಂದು ಖಂಡಿಸಿದ್ದಾನೆ.

ಆ ವರ್ಷದ ಬೇಸಗೆಯಲ್ಲಿ ಜೂಲಿಯನ್ ಅಂತಿಯೋಕ್ಯ ನಗರಕ್ಕೆ ಬಂದ. ಊರ ಹೊರಗೆ ದಾಫ್ನೆ ಎಂಬ ತೋಪಿನಲ್ಲಿ ಅಪೋಲೋ ದೇವರ ಪ್ರಸಿದ್ಧ ಗುಡಿ. ವಾರ್ಷಿಕ ಉತ್ಸವದ ದಿನ ಚಕ್ರವರ್ತಿ ಅಲ್ಲಿಗೆ ಧಾವಿಸಿದ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಉತ್ಸವದ ಚಿತ್ರ: ಬಲಿಯ ಪಶುಗಳ ಸಾಲು, ಧೂಪದ ಹೊಗೆ, ಬಿಳಿಯ ಬಟ್ಟೆ ಉಟ್ಟ ಹುಡುಗರು, ಹಾಡು. ಹೋಗಿ ನೋಡಿದರೆ ಗುಡಿ ಭಣಗುಟ್ಟುತ್ತಿದೆ. ಧೂಪವಿಲ್ಲ, ಒಂದು ರೊಟ್ಟಿಯ ನೈವೇದ್ಯವೂ ಇಲ್ಲ. ಇಂದು ನಗರ ದೇವರಿಗೆ ಏನನ್ನು ಒಪ್ಪಿಸುತ್ತದೆ ಎಂದು ಚಕ್ರವರ್ತಿ ಕೇಳಿದ. ನಗರದಿಂದ ಏನೂ ಬಂದಿಲ್ಲ, ನಾನೇ ನನ್ನ ಮನೆಯಿಂದ ಒಂದು ಹೆಬ್ಬಾತು ತಂದಿದ್ದೇನೆ ಎಂದು ಪೂಜಾರಿ ಉತ್ತರ ಹೇಳಿದ. ಅಂತಿಯೋಕ್ಯದ ಜನ ತನ್ನ ಗಡ್ಡವನ್ನು ಗೇಲಿ ಮಾಡಿದ್ದಕ್ಕೆ ಪ್ರತ್ಯುತ್ತರವಾಗಿ 'ಗಡ್ಡದ್ವೇಷಿ' ಎಂಬ ಅರ್ಥದ ಹೆಸರಿಟ್ಟು ಬರೆದ ಪುಸ್ತಕದಲ್ಲಿ ಜೂಲಿಯನ್ನನೇ ಇದನ್ನು ಹೇಳಿಕೊಂಡಿದ್ದಾನೆ.

ಚಕ್ರವರ್ತಿಗೆ ಬಂದದ್ದು ಸಿಟ್ಟು. ನಗರಸಭೆಯ ಹಿರಿಯರನ್ನು ಕರೆಸಿ ಬೈದ. ನನಗೇನೋ ಆ ದಿನ ದಾಫ್ನೆಯ ತೋಪಿನಲ್ಲಿ ಉತ್ಸವ ಸಾಂಗವಾಗಿಯೇ ನಡೆಯಿತೆಂದು ತೋರುತ್ತದೆ. ಊರೆಲ್ಲ ಮರೆತ ದೇವರಿಗೆ ಒಬ್ಬ ಪೂಜಾರಿ ತನ್ನ ಮನೆಯ ಹಕ್ಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದನಲ್ಲ! ಯಾರ ಸುತ್ತೋಲೆಯೂ ಅವನನ್ನು ಕಳಿಸಿರಲಿಲ್ಲ. ದೇವರೊಡನೆ ನಂಟು ಎಂದರೆ ಏನೆಂಬುದು ಆ ತೋಪಿನಲ್ಲಿ ಅವನಿಗೆ ಗೊತ್ತಿತ್ತು. ಹುಡುಗನಾಗಿ ಆಕಾಶ ನೋಡುತ್ತ ನಿಂತ ಜೂಲಿಯನ್ನನಿಗೂ ಅದು ಗೊತ್ತಿತ್ತು. ಸಿಂಹಾಸನ ಏರಿದ ಜೂಲಿಯನ್ ಮರೆತ.

ಆಮೇಲಿನದು ದುಃಖದ ಕಥೆ. ಅದೇ ಅಕ್ಟೋಬರಿನಲ್ಲಿ ದಾಫ್ನೆಯ ಗುಡಿ ಸುಟ್ಟುಹೋಯಿತು. ಕ್ರೈಸ್ತರೇ ಬೆಂಕಿಯಿಟ್ಟರೆಂದು ಶಂಕಿಸಿ ಜೂಲಿಯನ್ ಅಂತಿಯೋಕ್ಯದ ದೊಡ್ಡ ಚರ್ಚನ್ನು ಮುಚ್ಚಿಸಿದ. ಅವನು ಕೊಡಿಸುತ್ತಿದ್ದ ಬಲಿಗಳ ಲೆಕ್ಕ ನೋಡಿದರೆ, ಪರ್ಷಿಯಾದ ಯುದ್ಧದಿಂದ ಜೀವಂತ ಹಿಂದಿರುಗಿದ್ದರೆ ದೇಶದಲ್ಲಿ ಎತ್ತುಗಳಿಗೇ ಬರ ಬರುತ್ತಿತ್ತೆಂದು ಜನ ಆಡಿಕೊಂಡರಂತೆ. ಅವನು ಹಿಂದಿರುಗಲಿಲ್ಲ. 363ರ ಜೂನ್ 26ರಂದು ಗಾಯಗೊಂಡು ಸತ್ತ. ಮೂವತ್ತೆರಡು ತುಂಬಿತ್ತೋ ಇಲ್ಲವೋ. ಮೂವತ್ತು ವರ್ಷದೊಳಗೆ, 391, 392ರ ಶಾಸನಗಳಿಂದ, ಹಳೆಯ ದೇವರ ಪೂಜೆಯೇ ನಿಷಿದ್ಧವಾಯಿತು. ಸುತ್ತೋಲೆಗೆ ಉತ್ತರವಾಗಿ ಸುತ್ತೋಲೆ!

ಜೂಲಿಯನ್ನನಿಗೆ ಸಿಕ್ಕದೆ ಹೋದ ದಾರಿಯೊಂದು ಉಂಟು. ಅದನ್ನು ನೋಡಬೇಕಾದರೆ ಮೊದಲು ಹೇಳಿದ ಐಸ್‌ಲೆಂಡಿಗೇ ಮರಳಬೇಕು. ಅಲ್ಲಿ ಮತದ ಬದಲಾವಣೆಯಾದದ್ದು ಆರು ಶತಮಾನಗಳ ತರುವಾಯ, ಬೇರೆಯೇ ಬಗೆಯಲ್ಲಿ.

ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯಿಂದ ಹಡಗು ಹತ್ತಿ ಬಂದ ಜನ ಆ ದ್ವೀಪದಲ್ಲಿ ನೆಲಸಿದರು. ಅವರೂ ನಮ್ಮಂತೆ ಹುಟ್ಟಿದ ಊರು ಬಿಟ್ಟುಬಂದವರೇ. ಅವರಲ್ಲೊಬ್ಬ ತೋರೋಲ್ಫ್. ನಾರ್ವೆಯ ಮೋಸ್ಟರ್ ಎಂಬ ದ್ವೀಪದಲ್ಲಿ ಥೋರನ ಗುಡಿಯನ್ನು ನೋಡಿಕೊಳ್ಳುತ್ತಿದ್ದವನು. ರಾಜನ ಆಗ್ರಹಕ್ಕೆ ಗುರಿಯಾಗಿ ಊರು ಬಿಡಬೇಕಾಗಿ ಬಂದಾಗ, ಏನು ಮಾಡಲೆಂದು ಥೋರನನ್ನೇ ಕೇಳಿದನಂತೆ. ಈ ಕಥೆಯನ್ನು ಹೇಳುವ ಹಳೆಯ ಐಸ್‌ಲೆಂಡ್ ಗ್ರಂಥ ಥೋರನನ್ನು ಅಲ್ಲಿ ತೋರೋಲ್ಫನ ಒಡೆಯನೆಂದು ಕರೆಯುವುದಿಲ್ಲ, ಅವನ ಅಕ್ಕರೆಯ ಗೆಳೆಯನೆಂದು ಕರೆಯುತ್ತದೆ. ಐಸ್‌ಲೆಂಡಿಗೆ ಹೋಗೆಂದು ಅಪ್ಪಣೆಯಾಯಿತು. ತೋರೋಲ್ಫ್ ಗುಡಿಯನ್ನು ಬಿಚ್ಚಿ ಮರಮುಟ್ಟನ್ನು ಹಡಗಿಗೆ ಹೇರಿದ. ಥೋರನ ಪೀಠದ ಕೆಳಗಿನ ಮಣ್ಣನ್ನೂ ಜೊತೆಗೆ ತೆಗೆದುಕೊಂಡ. ದಡ ಕಾಣುತ್ತಲೇ ಥೋರನ ಮೂರ್ತಿ ಕೆತ್ತಿದ್ದ ಕಂಬಗಳನ್ನು ನೀರಿಗೆ ಬಿಟ್ಟ. ಅವು ತೇಲಿಹೋಗಿ ಎಲ್ಲಿ ದಡ ಸೇರಿದುವೋ ಅಲ್ಲಿಯೇ ಮನೆಮಾಡಿದ. ಆ ಸ್ಥಳಕ್ಕೆ ಥೋರನ ಭೂಶಿರವೆಂದು ಇಂದಿಗೂ ಹೆಸರು. ಹತ್ತಿರದ ಒಂದು ಚಿಕ್ಕ ಗುಡ್ಡವನ್ನು ಪವಿತ್ರವೆಂದು ಭಾವಿಸಿ, ಮುಖ ತೊಳೆಯದೆ ಯಾರೂ ಅದರ ಕಡೆ ನೋಡಬಾರದೆಂದು ಕಟ್ಟಳೆ ಮಾಡಿದ.

ಪೀಠದ ಕೆಳಗಿನ ಮಣ್ಣು! ಟ್ರಂಕಿನ ತಳದಲ್ಲಿ ಮನೆದೇವರ ಕುಂಕುಮದ ಪೊಟ್ಟಣ ಇಟ್ಟುಕೊಂಡು ರೈಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇಂಥ ಗೆಳೆಯ ದೇವತೆಯನ್ನು ಆ ಭಾಷೆಯಲ್ಲಿ 'ಫುಲ್‌ತ್ರೂಯಿ' ಎನ್ನುತ್ತಿದ್ದರು. ಪೂರ್ತಿ ನಂಬತಕ್ಕವನು ಎಂದು ಅರ್ಥ. ಸಂಸ್ಕೃತದ ಇಷ್ಟದೇವತೆಗೆ ಹತ್ತಿರದ ಮಾತು. ಈಗಿನ ಐಸ್‌ಲೆಂಡಿನಲ್ಲಿ ಅದೇ ಮಾತಿಗೆ ಪ್ರತಿನಿಧಿ, ಕಚೇರಿಯ ಕೆಲಸಗಾರ ಎಂಬ ಅರ್ಥ ಬಂದಿದೆಯಂತೆ. ದೇವರಿಗಿದ್ದ ಬಿರುದು ಗುಮಾಸ್ತನ ಪಾಲಿಗೆ ಬಂದ ದೇಶ ಜಗತ್ತಿನಲ್ಲಿ ಅದೊಂದೇ ಇರಬೇಕು! ನನ್ನ ಜಾತಿಯವರೆಲ್ಲರ ಪರವಾಗಿ ಕೃತಜ್ಞತೆಗಳು.

ಇರಲಿ. 1000ನೆಯ ಇಸವಿಯ ಸುಮಾರಿಗೆ ಅಲ್ಲಿಯೂ ಕ್ರೈಸ್ತಮತದ ಪ್ರಶ್ನೆ ಎದ್ದಿತು. ನಾಡಿನ ಮಹಾಸಭೆ ಎರಡು ಪಕ್ಷವಾಗಿ ಕತ್ತಿ ಹಿರಿಯುವ ಹೊತ್ತು. ತೀರ್ಮಾನವನ್ನು ಥೋರ್ಗೇರ್ ಎಂಬ ಹಿರಿಯನಿಗೆ ಬಿಟ್ಟರು. ಅವನು ಹಳೆಯ ದೇವರ ಭಕ್ತ. ಕಂಬಳಿ ಹೊದ್ದು ಒಂದು ಹಗಲು, ಒಂದು ರಾತ್ರಿ ಯಾರೊಡನೆಯೂ ಮಾತನಾಡದೆ ಮಲಗಿದ್ದು, ಎದ್ದು ಬಂದು ಹೇಳಿದ: ನಾಡಿಗೆಲ್ಲ ಒಂದೇ ಕಟ್ಟಳೆ ಇರಲಿ, ಎಲ್ಲರೂ ದೀಕ್ಷಾಸ್ನಾನ ಮಾಡಲಿ, ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ಮಾಡುವವರನ್ನು ಶಿಕ್ಷಿಸುವುದು ಬೇಡ. ಗುಟ್ಟಿನ ಪೂಜೆಗೆ ಕೊಟ್ಟ ಆ ರಿಯಾಯಿತಿ ಕೆಲವು ವರ್ಷಗಳಲ್ಲೇ ರದ್ದಾಯಿತು. ಆದರೂ ರಕ್ತ ಹರಿಯಲಿಲ್ಲ.

ಇನ್ನೂ ಒಂದು ಸೋಜಿಗ. ಆ ಹಳೆಯ ದೇವತೆಗಳ ಕಥೆಗಳು ನಮಗೆ ಉಳಿದು ಬಂದದ್ದು ಕ್ರೈಸ್ತರ ಕೈಯಿಂದ. 1220ರ ಸುಮಾರಿಗೆ ಅವನ್ನೆಲ್ಲ ಕ್ರಮವಾಗಿ ಬರೆದಿಟ್ಟ ಸ್ನೋರಿ ಸ್ಟುರ್ಲುಸನ್ ಕ್ರೈಸ್ತ. ದೇವತೆಗಳನ್ನು ಕುರಿತ ಪದ್ಯಗಳ ಮುಖ್ಯ ಹಸ್ತಪ್ರತಿಯನ್ನು 1643ರಲ್ಲಿ ಕೈಗೆ ಬಂದಾಗ ಜೋಪಾನ ಮಾಡಿದವನು ಬ್ರಿನ್ಯೋಲ್ಫುರ್ ಸ್ವೇನ್ಸನ್ ಎಂಬ ಬಿಷಪ್. ಇದು ನಮಗೆ ಹೊಸತಲ್ಲ. ನಮ್ಮ ಮಾತುಗಳನ್ನು, ನಮ್ಮ ದೇವತೆಗಳ ಹೆಸರುಗಳನ್ನೂ ಸೇರಿಸಿ, ವರ್ಷಾನುಗಟ್ಟಲೆ ಕೂಡಿಹಾಕಿ 1894ರಲ್ಲಿ ಮಂಗಳೂರಿನಿಂದ ಕನ್ನಡ ನಿಘಂಟನ್ನು ಹೊರತಂದ ಕಿಟ್ಟೆಲ್ ಸಾಹೇಬರು ಪಾದ್ರಿಗಳೇ ಅಲ್ಲವೇ? ಹಳೆಯ ಮನೆಯನ್ನು ಬಿಟ್ಟು ಹೋಗುವವನು ಈ ಋಣವನ್ನು ಮರೆಯಬಾರದು.

ಬಿಷಪರು ಡೆನ್ಮಾರ್ಕಿನ ದೊರೆಗೆ ಒಪ್ಪಿಸಿದ್ದ ಆ ಹಸ್ತಪ್ರತಿ 1971ರ ಏಪ್ರಿಲ್ 21ರಂದು ಐಸ್‌ಲೆಂಡಿಗೆ ಹಿಂತಿರುಗಿತು. ಮಾರನೆಯ ವರ್ಷವೇ, ಅವರ ಪಂಚಾಂಗದ ಬೇಸಗೆಯ ಮೊದಲ ದಿನ, ರೇಕ್ಯವಿಕ್ ನಗರದ ಹೋಟೆಲೊಂದರಲ್ಲಿ ಹನ್ನೆರಡು ಮಂದಿ ಸೇರಿ ಹಳೆಯ ದೇವತೆಗಳ ಸಂಘವನ್ನು ಸ್ಥಾಪಿಸಿದರು. ಮುಂದಾಳು ಸ್ವೇನ್‌ಬ್ಯೋರ್ನ್ ಬೇನ್‌ತೇನ್ಸನ್ (1924–1993): ಕುರಿ ಸಾಕುವ ಬೇಸಾಯಗಾರ, ಉದ್ದ ಗಡ್ಡದವನು, ಹಳೆಯ ಮಟ್ಟಿನಲ್ಲಿ ಕಾವ್ಯ ಹಾಡುವುದರಲ್ಲಿ ಹೆಸರಾದ ಕವಿ. ಮಾನ್ಯತೆ ಕೇಳಲು ಮಂತ್ರಿಗಳ ಬಳಿ ಹೋದಾಗ ಅವರು ತಮಾಷೆಯೆಂದುಕೊಂಡರಂತೆ. ಇವರು ಹೊರಬಿದ್ದ ಮೇಲೆ ಗುಡುಗು ಮಿಂಚು ಬಂದು ಪಟ್ಟಣದ ದೀಪಗಳೆಲ್ಲ ಆರಿದುವೆಂದು ಅಲ್ಲಿನವರು ಇಂದಿಗೂ ನಗುತ್ತ ಹೇಳುತ್ತಾರೆ. ಬಿಷಪರ ವಿರೋಧವಿದ್ದರೂ 1973ರಲ್ಲಿ ಮಾನ್ಯತೆ ಸಿಕ್ಕಿತು. ಬಹುಕಾಲ ಚಿಕ್ಕದಾಗಿಯೇ ಇದ್ದ ಸಂಘದ ಸದಸ್ಯರ ಸಂಖ್ಯೆ ಈಗ ಐದು ಸಾವಿರವನ್ನು ಮೀರಿದೆ.

ಅವರು ಮಾಡುವುದೇನು? ಬೇಸಗೆಯ ಮೊದಲ ದಿನ, ನಡುಬೇಸಗೆ, ಚಳಿಗಾಲದ ಆರಂಭ, ಅತಿ ದೀರ್ಘವಾದ ರಾತ್ರಿ, ಹೀಗೆ ಋತುವಿಗೊಮ್ಮೆ ಸೇರುತ್ತಾರೆ. ಹಳೆಯ ಪದ್ಯ ಹೇಳುತ್ತಾರೆ. ಪಾನೀಯ ತುಂಬಿದ ಕೊಂಬನ್ನು ಕೈಯಿಂದ ಕೈಗೆ ದಾಟಿಸಿ, ದೇವತೆಗಳನ್ನೂ ಗತಿಸಿದ ಹಿರಿಯರನ್ನೂ ನೆನೆಯುತ್ತಾರೆ. ಜೊತೆಗೂಡಿ ಊಟ ಮಾಡುತ್ತಾರೆ. ಪ್ರಾಣಿಬಲಿ ಇಲ್ಲ. ಇಂಥದ್ದನ್ನು ನಂಬಲೇಬೇಕೆಂಬ ಶಾಸ್ತ್ರವೂ ಇಲ್ಲ. ಥೋರನು ನಿಜವಾದ ವ್ಯಕ್ತಿಯೆನ್ನುವವರೂ, ಪ್ರಕೃತಿಯ ಶಕ್ತಿಗೆ ಕವಿಗಳು ಇಟ್ಟ ಹೆಸರೆನ್ನುವವರೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ.

ಹಬ್ಬದ ಕಥೆ ಇದಾಯಿತು. ಹಬ್ಬವಿಲ್ಲದ ದಿನ, ಮನೆಯಲ್ಲಿ ಒಬ್ಬನೇ ಕುಳಿತವನು ಏನು ಮಾಡಬೇಕು? ಅಲ್ಲಿಯೇ ನಿಜವಾದ ತೊಡಕು.

ಮೊದಲನೆಯ ತೊಡಕು ಹಳೆಯ ಅಭ್ಯಾಸ. ಚಿಕ್ಕಂದಿನಿಂದ ಪಾಪಕ್ಕೆ ಕ್ಷಮೆ ಕೇಳಿ, ಸ್ವರ್ಗವನ್ನು ಬೇಡಿ ಬೆಳೆದ ನಾಲಿಗೆ ಹೊಸ ದೇವರ ಮುಂದೆಯೂ ಅದನ್ನೇ ಕೇಳುತ್ತದೆ. ಆದರೆ ಥೋರನ ಅಂಗಡಿಯಲ್ಲಿ ಆ ಸಾಮಾನು ದೊರೆಯುವುದಿಲ್ಲ. ಅವನು ಗುಡುಗಿನ ದೇವರು. ಎರಡು ಹೋತಗಳು ಎಳೆಯುವ ರಥದವನು, ಸುತ್ತಿಗೆ ಹಿಡಿದವನು, ರೈತರಿಗೂ ಹಡಗಿನವರಿಗೂ ಬೇಕಾದವನು. ಸರ್ವಶಕ್ತನಂತೂ ಅಲ್ಲ. ಸ್ನೋರಿ ಬರೆದ ಒಂದು ಕಥೆಯಲ್ಲಿ ಅವನು ರಾಕ್ಷಸರ ಅರಮನೆಗೆ ಹೋಗಿ ಪಂದ್ಯಗಳಲ್ಲಿ ಸೋಲುತ್ತಾನೆ. ಕೊಂಬಿನ ಪಾನೀಯವನ್ನು ಮೂರು ಗುಟುಕಿನಲ್ಲಿಯೂ ಮುಗಿಸಲಾರ. ಒಂದು ಬೆಕ್ಕನ್ನು ಎತ್ತಲಾರ. ಕಡೆಗೆ ಒಬ್ಬ ಮುದುಕಿಯೊಡನೆ ಕುಸ್ತಿ ಹಿಡಿದು ಒಂದು ಮೊಣಕಾಲು ಊರುತ್ತಾನೆ. ಮಾರನೆಯ ದಿನ ಗುಟ್ಟು ರಟ್ಟಾಗುತ್ತದೆ. ಕೊಂಬಿನ ತುದಿ ಸಮುದ್ರದಲ್ಲಿತ್ತು; ಬೆಕ್ಕಿನ ವೇಷದಲ್ಲಿದ್ದದ್ದು ಭೂಮಿಯನ್ನು ಸುತ್ತಿದ ಮಹಾಸರ್ಪ; ಆ ಮುದುಕಿ ಮುಪ್ಪು. ಮುಪ್ಪಿನ ಮುಂದೆ ಒಂದೇ ಮೊಣಕಾಲು ಊರಿದ ದೇವರು! ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವವನು ಇಂಥ ದೇವರನ್ನು ಏನು ಕೇಳಬಹುದು? ಕಷ್ಟ ತೆಗೆಯೆಂದಲ್ಲ; ಪಕ್ಕದಲ್ಲಿ ನಿಲ್ಲೆಂದು. ಗೆಳೆಯನನ್ನು ನಾವು ಕೇಳುವುದೂ ಅಷ್ಟನ್ನೇ.

ಎರಡನೆಯ ತೊಡಕು ಅವಸರ. ಹೊಸ ಭಕ್ತನಿಗೆ ಕೂಡಲೇ ದರ್ಶನವಾಗಬೇಕು, ಕನಸು ಬೀಳಬೇಕು, ಶಕುನ ಕಾಣಬೇಕು. ನಂಟು ಹಾಗೆ ಬೆಳೆಯುವುದಿಲ್ಲ. ಹೊಸ ಬೀದಿಗೆ ಮನೆ ಬದಲಾಯಿಸಿದ ಮೇಲೆ ಪಕ್ಕದ ಮನೆಯವರೊಡನೆ ಸ್ನೇಹ ಹೇಗೆ ಬೆಳೆಯುತ್ತದೆ? ಮೊದಲು ಹೆಸರು ತಿಳಿಯುತ್ತದೆ, ಆಮೇಲೆ ಅವರ ಕಥೆ ತಿಳಿಯುತ್ತದೆ. ಒಂದು ದಿನ ನಾವು ಒಂದು ಬಟ್ಟಲು ಪಾಯಸ ಕಳಿಸುತ್ತೇವೆ. ಬಟ್ಟಲು ಬರಿದಾಗಿ ಹಿಂದಿರುಗುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅವರು ನಮ್ಮವರಾಗಿರುತ್ತಾರೆ. ಹಳೆಯ ಯೂರೋಪಿನ ಜನ ದೇವತೆಗಳ ವಿಷಯದಲ್ಲಿಯೂ ಹೀಗೆಯೇ ಭಾವಿಸಿದ್ದರು. ಕೊಡುವುದು, ಪಡೆಯುವುದು, ಮತ್ತೆ ಕೊಡುವುದು. ಅಡಿಗೆಯಲ್ಲಿ ಒಂದು ತುತ್ತು, ಕುಡಿಯುವುದರಲ್ಲಿ ನಾಲ್ಕು ಹನಿ ನೆಲಕ್ಕೆ. ಒಂದು ಗೊತ್ತಾದ ಹೊತ್ತು, ಒಂದು ಗೊತ್ತಾದ ಜಾಗ. ಅತಿಯಾಗಿ ಕೊಡಬಾರದೆಂಬ ಎಚ್ಚರಿಕೆಯೂ ಅವರ ಪದ್ಯಗಳಲ್ಲಿದೆ. ಜೂಲಿಯನ್ನನ ಎತ್ತುಗಳ ಮಂದೆಗಿಂತ ಪೂಜಾರಿಯ ಒಂದು ಹೆಬ್ಬಾತು ಹೆಚ್ಚು ತೂಗಿದ್ದು ಇದಕ್ಕಾಗಿ.

ಮೂರನೆಯದು ಎಲ್ಲಕ್ಕಿಂತ ಕಠಿಣ: ಬಿಟ್ಟ ಮನೆಯ ಮೇಲಿನ ಸಿಟ್ಟು. ಜೂಲಿಯನ್ನನಿಗೆ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ, ತಂದೆಯನ್ನು ಕಳೆದುಕೊಂಡಿದ್ದ. ಆದರೆ ಸಿಟ್ಟು ಎಷ್ಟು ದೊಡ್ಡದಾಯಿತೆಂದರೆ ಅವನ ಸೂರ್ಯನಿಗೆ ಅದು ಗ್ರಹಣವಾಯಿತು. ಬೈಯುವುದಕ್ಕಾದರೂ ದಿನವೂ ನೆನೆಯುತ್ತಿದ್ದರೆ ಬಿಟ್ಟ ದೇವರನ್ನು ಬಿಟ್ಟಂತಾಗಲಿಲ್ಲ, ನಿಂದಾಸ್ತುತಿಯಾಯಿತು, ಅಷ್ಟೆ. ಗಲಾತ್ಯದ ಪ್ರಧಾನ ಅರ್ಚಕನಿಗೆ ಅವನು ಬರೆದುದೆಂದು ಹೇಳುವ ಕಾಗದದಲ್ಲಿ, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಲಹುತ್ತಾರೆ, ನಾವೂ ಧರ್ಮಶಾಲೆಗಳನ್ನು ಕಟ್ಟಬೇಕೆಂಬ ಮಾತಿದೆ. ಬಿಟ್ಟ ಮನೆಯಲ್ಲಿ ಕಲಿತ ಒಳ್ಳೆಯದನ್ನು ಹೊಸ ಮನೆಗೆ ತರುವ ಈ ಬುದ್ಧಿ ಅವನಲ್ಲಿ ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಐಸ್‌ಲೆಂಡಿನವರಿಗೆ ಇದರಲ್ಲಿ ಭಾಷೆಯೇ ಸಹಾಯ ಮಾಡಿದೆ. ಚಳಿಗಾಲದ ನಡುವಿನ ಹಳೆಯ ಹಬ್ಬಕ್ಕೂ ಕ್ರಿಸ್‌ಮಸ್ಸಿಗೂ ಅವರಲ್ಲಿ ಒಂದೇ ಹೆಸರು: 'ಯೋಲ್'. ಮಗ ಥೋರನನ್ನು ನೆನೆಯಲಿ, 

ತಾಯಿ ಕ್ರಿಸ್ತನನ್ನು ನೆನೆಯಲಿ, ಇಬ್ಬರೂ ಒಂದೇ ಹೆಸರಿನ ಹಬ್ಬಕ್ಕೆ ಒಂದೇ ಮೇಜಿಗೆ ಕುಳಿತುಕೊಳ್ಳಬಹುದು. ಮೊದಲು ನೆಲಸಲು ಬಂದವರಲ್ಲಿ ಹೆಲ್ಗಿ ಎಂಬ ಒಬ್ಬನಿದ್ದ. ಅವನು ಕ್ರಿಸ್ತನನ್ನು ನಂಬಿ, ತನ್ನ ಜಮೀನಿಗೆ ಕ್ರಿಸ್ತನ ಹೆಸರಿಟ್ಟ. ಆದರೆ ಸಮುದ್ರಪ್ರಯಾಣಕ್ಕೂ ಗಟ್ಟಿ ಕೆಲಸಗಳಿಗೂ ಥೋರನನ್ನೇ ಕರೆಯುತ್ತಿದ್ದನಂತೆ. ಪಂಡಿತರು ಇವನನ್ನು ಎಡಬಿಡಂಗಿ ಎನ್ನಬಹುದು. ಭಾನುವಾರ ಸತ್ಯನಾರಾಯಣ ಪೂಜೆ ಮಾಡಿಸಿ, ಶುಕ್ರವಾರ ಮಗುವಿಗೆ ದರ್ಗಾದ ತಾಯಿತ ಕಟ್ಟಿಸಿಕೊಂಡು ಬರುವ ನಮ್ಮ ಹೆಂಗಸರು ಮಾತ್ರ ಅವನಿಗೆ ಕಾಫಿ ಕೊಟ್ಟು ಕೂರಿಸಿಯಾರು.

ಇಷ್ಟು ದೂರದ ಕಥೆ ನಮಗೇಕೆ ಎಂದು ಕೇಳಬೇಡಿ. ಊರಿನಿಂದ ಐನೂರು, ಸಾವಿರ ಮೈಲಿ ದೂರ ಬಂದು ಮಕ್ಕಳನ್ನು ಬೆಳೆಸುತ್ತಿರುವವರು ನಾವು. ಮನೆದೇವರ ಜಾತ್ರೆಗೆ ಹೋಗಿ ಎಷ್ಟು ವರ್ಷವಾಯಿತೆಂದು ಬೆರಳು ಮಡಿಸಿ ಎಣಿಸುತ್ತೇವೆ. ಪುಣೆಯ ಕಡೆಯ ಕೆಲವು ಮನೆಗಳವರು ಜೇಜೂರಿಯ ಖಂಡೋಬನಲ್ಲಿಯೇ ನಮ್ಮ ಮೈಲಾರನನ್ನು ಕಂಡು ಭಂಡಾರ ಹಚ್ಚಿಕೊಂಡು ಸಮಾಧಾನ ಪಡುತ್ತಾರೆ. ಅದು ನಮ್ಮ ತಲೆಮಾರಿನ ಮಾತು. ನಮ್ಮ ಮಕ್ಕಳಲ್ಲಿ ಯಾರೋ ಒಬ್ಬರು ನಾಳೆ ಬೇರೊಂದು ದೇವರ ಹೆಸರು ಹೇಳಿಕೊಂಡು ಮನೆಗೆ ಬರಬಹುದು. ದೇವರೇ ಬೇಡವೆಂದೂ ಬರಬಹುದು. ಆ ದಿನ ತಾಯಿಯ ಕಣ್ಣಲ್ಲಿ ನೀರು ಬರುತ್ತದೆ, ತಂದೆ ಪತ್ರಿಕೆಯ ಹಿಂದೆ ಮುಖ ಮರೆಸುತ್ತಾನೆ. ಹಿಂದೂ ಮನೆಯಾಗಲಿ ಕ್ರೈಸ್ತ ಮನೆಯಾಗಲಿ ಈ ನೋವು ಒಂದೇ.

ಆಗ ಏನು ಕೇಳಬೇಕು? ಯಾವ ದಫ್ತರಿನಲ್ಲಿ ಹೆಸರು ಬರೆಸಿದೆ ಎಂದಲ್ಲ. ಅದು ನನ್ನಂಥ ಗುಮಾಸ್ತರು ಕೇಳುವ ಪ್ರಶ್ನೆ. ಕೇಳುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ಮನೆಯವರು ಕೇಳಬೇಕಾದದ್ದು ಬೇರೆ. ಮಗು, ನಿನ್ನ ದೇವರನ್ನು ಯಾವ ಹೊತ್ತಿನಲ್ಲಿ ನೆನೆಯುತ್ತೀ? ಅವನಿಗೆ ನಿನ್ನದೆಂಬುದನ್ನು ಏನು ಕೊಡುತ್ತೀ? ನಮ್ಮನ್ನು ಬೈಯದೆ ಅವನನ್ನು ಹೊಗಳುವುದಕ್ಕೆ ನಿನಗೆ ಬರುತ್ತದೆಯೇ?

ಈ ಮೂರಕ್ಕೂ ಮಗು ನೆಟ್ಟಗೆ ಉತ್ತರ ಕೊಟ್ಟರೆ, ದೇವರಮನೆಯ ಹಲಗೆಯ ಮೇಲೆ ಇನ್ನೊಂದು ಪಟಕ್ಕೆ ಜಾಗ ಮಾಡಿಕೊಡಿ. ಬಾಡಿಗೆಮನೆಯ ಹಲಗೆ ಚಿಕ್ಕದೆಂಬುದು ನನಗೂ ಗೊತ್ತು. ಸ್ವಲ್ಪ ಒತ್ತರಿಸಿದರೆ ಆದೀತು.